ಹೆಸರು ಕೆರೆದ ಕಾರ್ಡು

ಹೋದ ವಾರ ಹುಮನಾಬಾದ್ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕಮಲಾಪುರಕ್ಕೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಜನ ಕಿಟಕಿಗಳನ್ನೆಲ್ಲ ಎಳೆದು ಮುಚ್ಚಿದರು. ಅಲ್ಲಿ ಹತ್ತಿದ ಒಬ್ಬಾಕೆ ಬುಟ್ಟಿ ತುಂಬ ಕೆಂಬಾಳೆ, ಆ ಊರಿನ ಕೆಂಪು ಬಾಳೆಹಣ್ಣು, ತಂದು ನನ್ನ ಕಾಲಬುಡದಲ್ಲೇ ಇಟ್ಟಳು. ಮುಚ್ಚಿದ ಬಸ್ಸಿನೊಳಗೆ ತೊಯ್ದ ಬಟ್ಟೆಯ ವಾಸನೆ, ಅದರ ಜೊತೆ ಮಾಗಿದ ಹಣ್ಣಿನ ಸಿಹಿ ವಾಸನೆ ಏರಿತು. ನಾನು ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಕಂಡಕ್ಟರ್ ಬೈದ. ಬೈಸಿಕೊಂಡೆ. ಆ ಹಣ್ಣಿಗಾಗಿ ದೂರದೂರದಿಂದ ಗಾಡಿ ನಿಲ್ಲಿಸಿ ಕೊಳ್ಳುವವರಿದ್ದಾರೆ. ನಾನು ಮುಟ್ಟುವುದಿಲ್ಲ. ಅದು ಒಂದು ಮಳೆಗಾಲದ ಮಾತು.

ಆ ಮಳೆಗಾಲ ನನ್ನ ತಂಗಿ ಸುವರ್ಣಾಳ ನೌಕರಿ ಅಂಗೈಯಗಲದ ಒಂದು ಕಾರ್ಡಿನ ಮೇಲೆ ನಿಂತಿತ್ತು.

ಆಕೆ ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಅತಿಥಿ ಎಂದು ಹೆಸರಿಟ್ಟವರು ಯಾರೋ ಕಾಣೆ. ನಮ್ಮ ಕಡೆ ಅತಿಥಿಗೆ ನೀರು ಕೊಟ್ಟು ಕೂಡಿಸುತ್ತಾರೆ. ಅಲ್ಲಿ ವರ್ಷಕ್ಕೊಮ್ಮೆ ಎಬ್ಬಿಸಿ ನಿಲ್ಲಿಸಿ, ಮತ್ತೆ ಕೂಡಿಸಬೇಕೋ ಬೇಡವೋ ಎಂದು ನೋಡುತ್ತಾರೆ. ಆಕೆ ಕಲಿಸುತ್ತಿದ್ದದ್ದು ಪ್ರೊಸೆಸರ್ ಕಟ್ಟುವ ವಿದ್ಯೆ. ಕಂಪ್ಯೂಟರಿನ ಒಳಗೆ ಕೂತು ಲೆಕ್ಕ ಮಾಡುವ ಯಂತ್ರ ಇದೆಯಲ್ಲ, ಅದನ್ನು ಹೇಗೆ ರಚಿಸುವುದು ಎಂಬುದು. ಆ ವರ್ಷ ವಿಭಾಗದ ಮುಖ್ಯಸ್ಥರು ಆಕೆಯನ್ನು ಕರೆದು, ಗಣೇಶ ಚೌತಿ ಕಳೆದ ಮೇಲೆ ಹೊರಗಿನಿಂದ ತಪಾಸಣೆಯವರು ಬರುತ್ತಾರೆ, ಅಷ್ಟರಲ್ಲಿ ಲ್ಯಾಬಿನಲ್ಲಿ ಒಂದು ಪ್ರೊಸೆಸರ್ ಬೋರ್ಡಿನ ಮೇಲೆ ಓಡಬೇಕು, ಓಡಿದರೆ ವಿಷಯ ಉಳಿಯುತ್ತದೆ, ವಿಷಯ ಉಳಿದರೆ ನೀವು ಉಳಿಯುತ್ತೀರಿ ಎಂದರು. ಬೋರ್ಡು ಎಲ್ಲಿ ಅಂತ ಕೇಳಿದಳು. "ಅದ ನೀವ ನೋಡ್ಕೊಳ್ರಿ ಮೇಡಮ್" ಅಂದರಂತೆ.

ನಾನು ಏಳನೇತ್ತೆಗೆ, ಅಂದರೆ ಏಳನೇ ತರಗತಿಗೆ, ಶಾಲೆ ಬಿಟ್ಟವನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಶಹಾಬಜಾರದ ಓಣಿಯಲ್ಲಿ ನನ್ನ ಅಂಗಡಿ, ಅದರ ಹಿಂದೆಯೇ ಮನೆ. ಮೊದಲು ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುತ್ತಿದ್ದೆ, ಆಮೇಲೆ ಟಿವಿ ರಿಪೇರಿ, ಆಮೇಲೆ ಎಲ್ಇಡಿ ಗೋಡೆ. ಮದುವೆಗೆ, ಭಾಷಣಕ್ಕೆ ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಪರದೆ ನಿಲ್ಲಿಸುತ್ತಾರಲ್ಲ, ಅದೇ. ನಾನು ನಿಲ್ಲಿಸಿದ ಗೋಡೆ ಕಾರ್ಯ ಮುಗಿಯುವ ಮೊದಲು ಆರಿದ್ದು ಇಲ್ಲ. ಇದಕ್ಕೆ ಜಂಬ ಅನ್ನುವುದಾದರೆ ಅನ್ನಿ. ಬೇರೆಯವರ ಹತ್ತಿರ ಕೈಯೊಡ್ಡದೆ ತಂಗಿಯನ್ನು ಎಂ.ಟೆಕ್ ತನಕ ಓದಿಸಿದ್ದು ಇದೇ ಕೈ.

ಆಷಾಢದಲ್ಲಿ ಮದುವೆ ಇಲ್ಲ. ಪರದೆಯ ಪೆಟ್ಟಿಗೆಗಳನ್ನು ಅಂಗಡಿಯಲ್ಲಿ ಒಂದರ ಮೇಲೊಂದು ಏರಿಸಿ ತಾಡಪತ್ರಿ ಮುಚ್ಚಿಟ್ಟಿದ್ದೆ. ಸೋರುವ ಕಡೆ ಬಕೆಟ್ಟು. ಸುವರ್ಣಾ ಸಂಜೆ ಕಾಲೇಜಿನಿಂದ ಬಂದವಳೇ ಕಪ್ಪು ಮಣ್ಣು ಹತ್ತಿದ ಚಪ್ಪಲಿ ಹೊಸ್ತಿಲಿಗೆ ಕೆರೆದು, ಲ್ಯಾಪ್‌ಟಾಪು ತೆರೆದು ನನ್ನ ಎದುರು ಕೂಡುತ್ತಿದ್ದಳು. ಆಗ ನಾನು ಹೊಲದ ಪಂಪುಗಳ ಮೋಟಾರು ಸುತ್ತುತ್ತಿದ್ದೆ.

"ಬೋರ್ಡ ಯಾಕ ಬೇಕು? ಒಂದ ಕಂಪ್ಯೂಟರ್ ತಂದು ಇಡು, ಅದರಾಗ ಪ್ರೊಸೆಸರ್ ಇರತದಲ್ಲ" ಅಂದೆ.

"ಕಂಪ್ಯೂಟರ್ ಅಂದ್ರ ಯಾರೋ ಕಟ್ಟಿ ಮುಗಿಸಿದ ಮನಿ ಅಣ್ಣಾ. ನಂಗ ಖಾಲಿ ಪ್ಲಾಟ್ ಬೇಕು. ಶರಣಸಿರಸಗಿ ಕಡಿ ಲೇಔಟ್ ಹಾಕ್ಯಾರ ನೋಡು, ರಸ್ತಾ ಅದ, ಕಲ್ಲ ನೆಟ್ಟಾರ, ಮನಿ ಒಂದೂ ಇಲ್ಲ. ಎಫ್‌ಪಿಜಿಎ ಅಂದ್ರ ಹಂಥಾ ಚಿಪ್. ಒಳಗ ಏನ್ ಕಟ್ಟಬೇಕು ಅನ್ನೋದು ನಾವ ಹೇಳಬೇಕು. ಇವತ್ತ ಕಟ್ಟಿದ್ದು ನಾಳಿ ಅಳಿಸಿ ಬ್ಯಾರೆ ಕಟ್ಟಬಹುದು."

"ಮತ್ತ ಮನಿ ನಕಾಶಿ?"

"ಅದು ಪುಕ್ಕಟ. ಜಗತ್ತಿನ ಮಂದಿ ಕೂಡಿ ಬರದು ಎಲ್ಲಾರಿಗೂ ಬಿಟ್ಟಾರ. ಯಾರು ಬೇಕಾದ್ರೂ ತಗೊಂಡು ಕಟ್ಟಬಹುದು, ತಿದ್ದಬಹುದು. ತಿಳೀತೇನ್? ಏಳನೇತ್ತಾಕ್ಕ ಇಷ್ಟ ಸಾಕು."

ಆಕೆಯ ನಾಲಿಗೆ ಹಾಗೇ. ನನ್ನದೂ ಹಾಗೇ. ಒಂದೇ ತಾಯಿಯ ಹಾಲು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಆಕೆ ಒಂದು ಬೋರ್ಡಿನ ಚಿತ್ರ ತೋರಿಸುವುದು, ನಾನು ಕೇಳುವುದು, ಆಕೆಯೇ ಬೇಡ ಅನ್ನುವುದು. ದೊಡ್ಡ ಕಂಪನಿಯ ಬೋರ್ಡು ಚೆಂದವಿತ್ತು, ಸಾಲಾಗಿ ಗುಂಡಿ, ದೀಪ ಎಲ್ಲ ಇದ್ದವು. ಅದನ್ನು ಕೊಂಡರೆ ಆಕೆಯ ಎಷ್ಟೋ ತಿಂಗಳ ಪಗಾರ ಹೋಗುತ್ತಿತ್ತು. ಮೇಲಾಗಿ ಅದಕ್ಕೆ ಬೇಕಾದ ಸಾಫ್ಟ್‌ವೇರು ಕಾಲೇಜಿನ ಮುದಿ ಕಂಪ್ಯೂಟರುಗಳ ಹೊಟ್ಟೆಗೆ ಹಿಡಿಸುವಂಥದ್ದಲ್ಲ. ಇನ್ನೊಂದು ಅಗ್ಗದ್ದು, ಸಾಫ್ಟ್‌ವೇರೂ ಮುಕ್ತ, ಆದರೆ ಪ್ಲಾಟು ತೀರ ಚಿಕ್ಕದು. "ಗಂಡ ಹೆಂಡತಿ ನಿಂದರಬಹುದು, ಒಲಿ ಹಾಕ್ಲಾಕ ಜಾಗ ಇಲ್ಲ" ಅಂದಳು. ಮೂರನೆಯದಕ್ಕೆ ಜಾಗ ಭರ್ತಿ, ಬೆಲೆಯೂ ಕಡಿಮೆ, ಆದರೆ ಮಾಡಿದ ಕಂಪನಿಯ ಬೀಗದ ಸಾಫ್ಟ್‌ವೇರು ಬಿಟ್ಟು ಬೇರೆ ಯಾವುದಕ್ಕೂ ಅದು ಬಾಯಿ ಬಿಡುವುದಿಲ್ಲ.

ಚಹಾ ತಂದ ನನ್ನ ಹೆಂಡತಿ ಮಹಾದೇವಿ ಇಬ್ಬರನ್ನೂ ನೋಡಿ ನಕ್ಕಳು. "ಕನ್ಯಾ ನೋಡಿದಂಗ ನೋಡ್ಲಾಕತ್ತೀರಲ್ಲ, ಒಂದರ ಮೂಗು ಸಣ್ಣದು, ಒಂದರ ಮನಿತನ ಸರಿ ಇಲ್ಲ. ತಂಗೀಗಿ ಇಷ್ಟ ಹುಡುಕಿದ್ರ ಗಂಡ ಸಿಗತಿದ್ದ."

"ಗಂಡ ಸಿಕ್ಕಿದ್ರ ಅವಂದೂ ಸಾಫ್ಟ್‌ವೇರ್ ಬೀಗದ್ದ ಇರತಿತ್ತು ವೈನಿ" ಅಂದಳು ಸುವರ್ಣಾ. ಮಹಾದೇವಿಗೆ ಅರ್ಥವಾಗಲಿಲ್ಲ, ಆದರೆ ಸಿಟ್ಟು ಬಂತು.

ಒಂದು ಸಂಜೆ ನಾನು ಒಂದು ಪರದೆಯ ಪೆಟ್ಟಿಗೆ ಬಿಚ್ಚಿ ಒಣಗಲು ಇಟ್ಟಿದ್ದೆ. ಅದರೊಳಗೆ ರಿಸೀವರ್ ಕಾರ್ಡು ಇರುತ್ತದೆ. ಕಂಪ್ಯೂಟರಿನಿಂದ ಬಂದ ಚಿತ್ರವನ್ನು ಪರದೆಯ ತುಂಡು ತುಂಡಿಗೆ ಹಂಚುವುದು ಅದರ ಕೆಲಸ. ಸುವರ್ಣಾ ಅದನ್ನೆತ್ತಿ ಬೆಳಕಿಗೆ ಹಿಡಿದು, ಫೋನಿನಿಂದ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದಳು.

"ಅಣ್ಣಾ, ಇದರಾಗ ನನ್ನ ಪ್ಲಾಟ್ ಅದ."

"ಏನಂದಿ?"

"ಇಂಥಾ ಕಾರ್ಡಿನಾಗ ಎಫ್‌ಪಿಜಿಎ ಇರತದ. ಪರದೇಶದಾಗ ಮಂದಿ ಇದರ ಮ್ಯಾಲ ಪ್ರೊಸೆಸರ್ ಓಡಿಸ್ಯಾರ. ನಾ ಓದಿದ್ದೆ, ನಮ್ಮ ಮನ್ಯಾಗ ಬಿದ್ದಿರತದ ಅಂತ ತಲಿಗಿ ಬರಲಿಲ್ಲ. ನೆನಪಿಟ್ಟುಕೊಳ್ಳಾಕ ಮೆಮೊರಿ ಅದ, ನೆಟ್‌ವರ್ಕ್ ಅದ. ಮದುವಿ ಮಂದಿಗಿ ಲಕ್ಷಗಟ್ಟಲೆ ಮಾಡ್ತಾರ, ಅದಕ್ಕ ಅಗ್ಗ."

ನನ್ನ ಎದೆ ಉಬ್ಬಿತು. ಯಾವ ಕಾಲೇಜಿನಲ್ಲೂ ಇಲ್ಲದ್ದು ನನ್ನ ಅಂಗಡಿಯಲ್ಲಿತ್ತು. ಆದರೆ ಆಕೆ ಕಾರ್ಡಿನ ಅಂಚಿನಲ್ಲಿ ಅಚ್ಚಾದ ಸಣ್ಣ ಅಂಕಿ ನೋಡಿ ಮುಖ ಸಪ್ಪಗೆ ಮಾಡಿದಳು. ಅದೇ ಹೆಸರು, ಅದೇ ಅಳತೆಯ ಕಾರ್ಡನ್ನು ಕಂಪನಿಯವರು ನಡುವೆ ಬದಲಿಸಿಬಿಟ್ಟಿದ್ದರು. ಹೊಸ ಮಾಲಿನಲ್ಲಿ ಬೇರೆ ಚಿಪ್, ಅದು ಮುಕ್ತ ಸಾಫ್ಟ್‌ವೇರಿಗೆ ಬಗ್ಗುವುದಿಲ್ಲ. ನಮಗೆ ಗೋಡೆ ಬೆಳಗಿದರೆ ಸಾಕು, ಹೊಸದೋ ಹಳೆಯದೋ ಯಾರು ನೋಡಿದ್ದಾರೆ. ನನ್ನಲ್ಲಿದ್ದವು ಎಲ್ಲ ಹೊಸ ಮಾಲು.

"ಹಳೀವು ಯಾರ ಹಂತ್ಯಾಕ ಅವ?" ಅಂತ ಕೇಳಿದಳು. ಕೇಳುವಾಗಲೇ ಆಕೆಗೆ ಗೊತ್ತಿತ್ತು.

ಹಳೆಯವು ಕಮಲಾಪುರದ ಅಂಬಾರಾಯನ ಹತ್ತಿರ ಇದ್ದವು. ಅವನು ನನ್ನ ಪಾಲುದಾರನಾಗಿದ್ದವ. ಒಂದು ಮದುವೆಯಲ್ಲಿ ಗಿರಾಕಿಯ ಎದುರು, ಅವರ ಹೆಂಗಸರ ಎದುರು, "ಇಂವ ಏಳನೇತ್ತಾ ಪಾಸ್ ಇಲ್ರೀ, ಇವನ ಮಾತ ಏನ್ ಕೇಳತೀರಿ" ಅಂದಿದ್ದ. ಮರುದಿನವೇ ಸಾಮಾನು ಹಂಚಿಕೊಂಡೆವು. ಹೊಸ ಗೋಡೆಗಳನ್ನು ಪಟ್ಟು ಹಿಡಿದು ನಾನು ತೆಗೆದುಕೊಂಡೆ, ಹಳೆಯವು ಅವನ ಪಾಲಿಗೆ ಹೋದವು. ಗೆದ್ದೆ ಅಂದುಕೊಂಡೆ. ಅವನ ಹೊಸ್ತಿಲು ತುಳಿಯುವುದಿಲ್ಲ ಅಂತ ಅವತ್ತೇ ಎಲ್ಲರ ಮುಂದೆ ಹೇಳಿದ್ದೆ.

"ಅಲ್ಲಿ ನಾ ಬರಂಗಿಲ್ಲ" ಅಂದೆ.

"ಬರಬ್ಯಾಡ. ನಿನ್ನ ಮೀಸಿ ಕುಡಿ ಸೆಟದು ನಿಂದರಲಿ. ನನ್ನ ನೌಕರಿ ಹೋಗಲಿ. ಓಣ್ಯಾಗ ಕೂತು ಹೇಳ್ಕೋತ ಹೋಗು, ನಾ ತಂಗೀಗಿ ಓದಿಸೀನಿ ಅಂತ."

ಹೋದೆವು. ತಾಜಸುಲ್ತಾನಪುರದ ಕಡೆ ತೊಗರಿ ಆಗಷ್ಟೇ ಮೊಳಕೆಯೊಡೆದಿತ್ತು, ಹೊಲದಲ್ಲಿ ನೀರು ನಿಂತಿತ್ತು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತ ಕೂತೆವು.

ಅಂಬಾರಾಯನ ಗೋದಾಮು ಹೆದ್ದಾರಿಯ ಪಕ್ಕಕ್ಕೇ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ, ನಮ್ಮನ್ನು ಕಂಡು ಏಳಲಿಲ್ಲ.

"ಏನ್ ಚಂದ್ರಕಾಂತ್ ಸಾಹೇಬ್ರ, ದಾರಿ ತಪ್ಪಿ ಬಂದೀರೇನ್? ನಮ್ಮ ಹೊಸ್ತಿಲಾ ಮೈಲಿಗಿ ಆದೀತು."

ನಾನು ಬಾಯಿ ತೆರೆಯುವುದರೊಳಗೆ ಸುವರ್ಣಾ ವಿಷಯ ಹೇಳಿದಳು. ಯಾವ ಚಿಪ್, ಯಾಕೆ ಬೇಕು, ಕಾಲೇಜು, ತಪಾಸಣೆ, ಎಲ್ಲ. ಅವನು ಆಕೆಯ ಮಾತನ್ನು ನಡುವೆ ತಡೆಯದೆ ಕೇಳಿದ. ಕೇಳಿ ನನ್ನ ಕಡೆ ತಿರುಗಿದ.

"ಮಳಿ ಬರ್ಲಾಕತ್ತದ. ಹೊರಗ ಪೆಟ್ಟಿಗಿ ಅವ ನೋಡು, ನನ್ನ ಆಳು ಇವತ್ತ ಬಂದಿಲ್ಲ. ಒಳಗ ಇಡು, ಅಷ್ಟೊತ್ತಿಗಿ ತಂಗೆವ್ವ ಕಾರ್ಡ ಆರಿಸ್ಕೊಳ್ಲಿ."

ಪೆಟ್ಟಿಗೆಗಳು ಬಹಳ ಇದ್ದವು. ಮಳೆಯಲ್ಲಿ ಒಂದೊಂದಾಗಿ ಹೊತ್ತು ಒಳಗಿಟ್ಟೆ. ಅವನು ಕುರ್ಚಿಯ ಮೇಲೆ ಕಾಲು ಮಡಿಸಿ ಕೂತು, "ಹುಷಾರ್, ಕಾರ್ನರ್ ಬಡೀಬಾರದು" ಅನ್ನುತ್ತಿದ್ದ. ಆ ಕಾರ್ನರಿಗೆ ರಬ್ಬರು ಕಟ್ಟುವುದನ್ನು ಅವನಿಗೆ ಕಲಿಸಿದವನು ನಾನು. ಸುವರ್ಣಾ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಬಗ್ಗಿದಳು.

ಕೊನೆಗೆ ಸತ್ತ ಗೋಡೆಗಳಿಂದ ಬಿಚ್ಚಿದ ಕೆಲವು ಕಾರ್ಡು ಮುಂದಿಟ್ಟ. ನೋಡಿದರೆ ಒಂದರ ಮೇಲೂ ಹೆಸರಿಲ್ಲ.

ನಮ್ಮ ಧಂದೆಯಲ್ಲಿ ಒಂದು ರೂಢಿಯಿದೆ. ಕಾರ್ಡು ಕೈಗೆ ಬಂದ ಮೇಲೆ ಮುಖ್ಯ ಚಿಪ್ಪಿನ ಬೆನ್ನ ಮೇಲಿನ ಅಕ್ಷರಗಳನ್ನು ಸಣ್ಣ ಗ್ರೈಂಡರಿನಿಂದ ಕೆರೆದುಬಿಡುವುದು. ಬೇರೆ ಅಂಗಡಿಯವನು ಬಿಚ್ಚಿದರೆ ಒಳಗಿರುವುದು ಯಾವುದೆಂದು ತಿಳಿಯಬಾರದು, ಗಿರಾಕಿ ತಿರುಗಿ ನಮ್ಮ ಬಾಗಿಲಿಗೇ ಬರಬೇಕು. ನಾನೂ ಕೆರೆಯುತ್ತೇನೆ. ಕೆರೆಯದವನ ಅಂಗಡಿ ಎರಡು ಹಂಗಾಮು ನಡೆಯುವುದಿಲ್ಲ. ಅಂಬಾರಾಯ ಒಂದು ಹೆಜ್ಜೆ ಮುಂದೆ ಹೋಗಿ ಅಂಚಿನ ಅಂಕಿಯನ್ನೂ ಕೆರೆದಿದ್ದ.

"ಯಾವುದು ಹಳೀದು, ಯಾವುದು ಹೊಸಾದು?" ಅಂದೆ.

"ನಂಗೇನ್ ಗೊತ್ತು. ತಂಗೆವ್ವ ಎಂ.ಟೆಕ್ ಓದ್ಯಾಳಲ್ಲ, ಓದ್ಲಿ."

ರೊಕ್ಕ ತೆಗೆದೆ. ಅವನು ನನ್ನ ಕೈಯನ್ನು ಹಿಂದಕ್ಕೆ ತಳ್ಳಿದ. "ಬ್ಯಾಡ. ನಿನ್ನ ರೊಕ್ಕ ತಗೊಂಡ್ರ ವ್ಯಾಪಾರ ಆಗತದ. ಧರ್ಮಕ್ಕ ಒಯ್ಯಿ. ನಾಳಿ ಯಾರರ ಕೇಳಿದ್ರ ಹೇಳು, ಅಂಬಾರಾಯ ಧರ್ಮಕ್ಕ ಕೊಟ್ಟ ಅಂತ." ಮೇಲೆ ಹತ್ತು ಹನ್ನೆರಡು ಹಣ್ಣಿನ ಒಂದು ಫಣಿ ಕೆಂಬಾಳೆಯನ್ನೂ ಸುವರ್ಣಾಳ ಮಡಿಲಿಗೆ ಹಾಕಿದ. ಆಕೆ ನಗುತ್ತ ತೆಗೆದುಕೊಂಡಳು.

ತಿರುಗಿ ಬರುವಾಗ ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಆಕೆ ಹಣ್ಣು ಸುಲಿದು ತಿಂದಳು. ನನಗೂ ಒಂದು ಹಿಡಿದಳು. ಮುಖ ತಿರುಗಿಸಿದೆ.

"ತಿನ್ನು. ಹೆಂಗೂ ಪೆಟ್ಟಿಗಿ ಹೊತ್ತೀದಿ, ಕೂಲಿ ಅಂತ ತಿಳಕೊ" ಅಂದಳು.

ಶ್ರಾವಣವೆಲ್ಲ ಆ ಕಾರ್ಡುಗಳ ಕೆಲಸ. ಹೆಸರು ಕೆರೆದಿದ್ದರೂ ಚಿಪ್ಪನ್ನು ಕೇಳಿದರೆ ಅದೇ ತನ್ನ ಗುರುತು ಹೇಳುತ್ತದೆ ಅಂದಳು ಸುವರ್ಣಾ. ಕಾರ್ಡಿನ ಮೂಲೆಯಲ್ಲಿ ಸಣ್ಣ ಸಣ್ಣ ಬಿಂದುಗಳಿರುತ್ತವೆ, ಅಲ್ಲಿಗೆ ಕೂದಲಿನಂಥ ತಂತಿ ಬೆಸೆದು ಇನ್ನೊಂದು ತುದಿಯನ್ನು ಕಂಪ್ಯೂಟರಿಗೆ ಕೊಡಬೇಕು. ಬೆಸೆಯುವುದು ನನ್ನ ಪಾಲು. ಬೇರೆಯವರು ಭೂತಗನ್ನಡಿ ಇಟ್ಟು ಮಾಡುವುದನ್ನು ನಾನು ಬರಿಗಣ್ಣಿನಲ್ಲಿ ಮಾಡುತ್ತಿದ್ದೆ. ಮೊದಲನೆಯ ಕಾರ್ಡು ಮಾತಾಡಲಿಲ್ಲ, ಸತ್ತಿತ್ತು. ಎರಡನೆಯದು ಹೊಸ ಮಾಲು ಅಂತ ತಿಳಿಯಿತು. ಮೂರನೆಯದಕ್ಕೆ ತಂತಿ ಹಾಕಿದಾಗ ಲ್ಯಾಪ್‌ಟಾಪಿನ ಮೇಲೆ ಒಂದು ಸಾಲು ಅಂಕಿ ಮೂಡಿತು. ಸುವರ್ಣಾ ಅದನ್ನು ಇನ್ನೊಂದು ಕಡೆ ಹೊಂದಿಸಿ ನೋಡಿ, ಕೂತಲ್ಲೇ ಕಣ್ಣು ಮುಚ್ಚಿಕೊಂಡಳು.

"ಹಳೀದು. ಇದ ಬೇಕಾಗಿದ್ದು."

ಅಷ್ಟಕ್ಕೇ ಮುಗಿಯಲಿಲ್ಲ. ಆ ಕಾರ್ಡು ಪರದೆಗೆ ಹೇಳಲು ಮಾತ್ರ ಹುಟ್ಟಿದ್ದು, ಕೇಳಲು ಅಲ್ಲ. ಬಾಯಿ ಹತ್ತಾರು ಇದ್ದವು, ಕಿವಿ ಒಂದೂ ಇರಲಿಲ್ಲ. ವಿದ್ಯಾರ್ಥಿ ಗುಂಡಿ ಒತ್ತಿದರೆ ಒಳಗೆ ತಿಳಿಯಬೇಕಲ್ಲ. ಸಂಕೇತವನ್ನು ಹೊರಗೆ ದಬ್ಬುವ ಪುಟ್ಟ ಚಿಪ್ಪುಗಳ ಪೈಕಿ ಒಂದನ್ನು ಬಿಸಿ ಗಾಳಿಯಿಂದ ಎಬ್ಬಿಸಿ, ಆ ಜಾಗದಲ್ಲಿ ಅಡ್ಡ ತಂತಿ ಹಾಕಿ ದಾರಿ ತಿರುಗಿಸಿದೆ. ಒಮ್ಮೆ ಆಕೆ, ನಾನು ಮಾಡ್ತೀನಿ ಅಂತ ಬೆಸುಗೆ ಕಬ್ಬಿಣ ಹಿಡಿದಳು. ತುದಿ ನಡುಗಿ ಚಿಪ್ಪಿನ ಪಕ್ಕದ ಕಾಲಿಗೆ ತಾಗಿತು.

"ಕೈ ತೆಗಿ. ಪುಸ್ತಕದ ಕೈ ಅದು, ನಡಗತದ" ಅಂದೆ. ಕೈ ತೆಗೆದಳು. ಅಷ್ಟು ತಿಂಗಳಲ್ಲಿ ನಾನು ಆಕೆಗೆ ಸಮ ಮಾಡಿ ಕೊಟ್ಟ ಮಾತು ಅದೊಂದೇ.

ಪ್ರೊಸೆಸರು ಓಡಿದ ಸಂಜೆ ಹೊರಗೆ ಭರ್ರನೆ ಮಳೆ. ಪರದೆಯ ಒಂದು ತುಂಡನ್ನು ಗೋಡೆಗೆ ಒರಗಿಸಿ ಕಾರ್ಡಿಗೆ ಜೋಡಿಸಿದ್ದೆ. ಆಕೆ ಏನೋ ಬರೆದು ಕಳಿಸಿದಳು. ಪರದೆ ಕಪ್ಪಗೇ ಇತ್ತು. ಆಮೇಲೆ ಕೆಂಪು ಚುಕ್ಕಿಗಳು ಎದ್ದು ಒಂದಕ್ಕೊಂದು ಸೇರಿ 'ಕ' ಆಯಿತು. ಗುಂಡಿ ಒತ್ತಿದರೆ 'ಖ', ಇನ್ನೊಮ್ಮೆ ಒತ್ತಿದರೆ 'ಗ'. ಸಾವಿರ ಸಲ ಅದೇ ಪರದೆಯ ಮೇಲೆ ಮದುಮಕ್ಕಳ ಮುಖ ತೋರಿಸಿದ್ದೇನೆ, ಒಂದು ಸಲವೂ ಎದ್ದು ಹತ್ತಿರ ಹೋಗಿ ನೋಡಿದ್ದಿಲ್ಲ. ಅವತ್ತು ಹೋದೆ. ಮಹಾದೇವಿಯೂ ಬಂದು ಸೆರಗಿನಿಂದ ಕೈ ಒರೆಸುತ್ತ, "ಇದಕ್ಕ ಇಷ್ಟ ದಿನ ಬೇಕಾಯ್ತೇನ್, ನಾ ಆದ್ರ ಸುಣ್ಣದ ಕಡ್ಡೀಲೆ ಬರೀತಿದ್ದೆ" ಅಂದಳು. ಮೂವರೂ ನಕ್ಕೆವು. ಆ ಮಳೆಗಾಲದಲ್ಲಿ ಕೂಡಿ ನಕ್ಕದ್ದು ಅದೇ ಮೊದಲು. ಅದೇ ಕೊನೆ.

ತಪಾಸಣೆಯ ದಿನ ಪರದೆಯನ್ನು ಆಟೋದಲ್ಲಿ ಹಾಕಿಕೊಂಡು ಕಾಲೇಜಿಗೆ ಹೋದೆ. ಜೋಡಿಸಿ ಮುಗಿಸುತ್ತಲೇ ಮುಖ್ಯಸ್ಥರು, "ಕೆಲಸದೋರು ಹೊರಗ ನಿಂದರ್ರಿ" ಅಂದರು. ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ಹೊರಗೆ ಬಾಗಿಲ ಪಕ್ಕದಲ್ಲಿ ನಿಂತೆ. ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

ಬಂದವರಲ್ಲಿ ಒಬ್ಬರು ದಕ್ಷಿಣದ ಕಡೆಯ ಪ್ರೊಫೆಸರು. ಸುವರ್ಣಾ ಚೆನ್ನಾಗಿ ಹೇಳಿದಳು. ಗುಂಡಿ ಒತ್ತಿದಳು, ಅಕ್ಷರ ಬದಲಾದವು. ಅವರು ತಲೆಯಾಡಿಸಿದರು. ನನ್ನ ತಂಗಿಯ ಕುತ್ತಿಗೆ ಅಷ್ಟು ನೆಟ್ಟಗಿದ್ದದ್ದನ್ನು ನಾನು ಮೊದಲು ಕಂಡಿರಲಿಲ್ಲ. ಆಮೇಲೆ ಅವರು ಬಗ್ಗಿ ಕಾರ್ಡನ್ನು ನೋಡಿದರು.

"ಇದರ ಮೇಲೆ ಯಾಕೆ ಏನೂ ಬರೆದಿಲ್ಲ? ಉಜ್ಜಿದ ಹಾಗಿದೆಯಲ್ಲ."

"ಹಳೆಯ ಕಾರ್ಡು ಸರ್, ಎಲ್ಇಡಿ ಗೋಡೆಯದು. ಗೋಡೆ ಬಾಡಿಗೆಗೆ ಕೊಡೋರು ಹೆಸರು ಕೆರೀತಾರೆ. ಒಳಗಿನ ಗುರುತು ಓದಬಹುದು, ನೋಡಿ ಸರ್." ಆಕೆ ಆ ಅಂಕಿಯ ಸಾಲು ತೆಗೆದು ತೋರಿಸಿದಳು.

"ಸ್ಕ್ರೀನ್ ಮೇಲೆ ಏನು ಬೇಕಾದರೂ ಬರೆಸಬಹುದಮ್ಮ. ಬಿಲ್ ಎಲ್ಲಿದೆ?"

ಬಿಲ್ ಇರಲಿಲ್ಲ. ಧರ್ಮಕ್ಕೆ ಬಂದ ಮಾಲಿಗೆ ಬಿಲ್ ಎಲ್ಲಿಂದ ತರುವುದು. ಪ್ರೊಫೆಸರು ಮುಖ್ಯಸ್ಥರ ಮುಖ ನೋಡಿದರು. ಮುಖ್ಯಸ್ಥರು, ಅವತ್ತಿನ ತನಕ ದಿನಾ ಕೆಲಸ ಎಲ್ಲಿಗೆ ಬಂತೆಂದು ಕೇಳಿ ಆಕೆಯನ್ನು ಹೊಗಳುತ್ತಿದ್ದವರು, ಒಂದು ಹೆಜ್ಜೆ ಹಿಂದೆ ಸರಿದರು. "ಇದು ನಮ್ಮ ಡಿಪಾರ್ಟ್‌ಮೆಂಟಿಗಿ ಗೊತ್ತಿಲ್ಲ ಸರ್. ಗೆಸ್ಟ್ ಮೇಡಮ್ ತಾವಾಗೇ ತಂದಾರ. ನಮಗೂ ಡೌಟ್ ಇತ್ತು."

ನನಗೆ ತಡೆಯಲಾಗಲಿಲ್ಲ. ಒಳಗೆ ಹೋದೆ.

"ಕಳವಿನ ಮಾಲಲ್ರೀ ಸಾಹೇಬ್ರ. ನಮ್ಮ ಧಂದ್ಯಾಗ ಎಲ್ಲಾರೂ ಹೆಸರ ಕೆರೀತಾರ. ಆಕಿ ನನ್ನ ತಂಗಿ, ಬೆಸಗಿ ಹಾಕಿದಾಂವ ನಾ."

"ಎಲ್ಲರೂ ಅಂದರೆ ನೀವೂನಾ?"

"ಹೌದ್ರಿ. ನಾನೂ ಕೆರೀತೀನಿ. ಅದರಾಗೇನ್ ಮುಚ್ಚಿಡೋದು."

ಪ್ರೊಫೆಸರು ನಕ್ಕರು. ಕೆಟ್ಟ ನಗುವಲ್ಲ, ಬೇಸರದ್ದು. 'ಮೂಲ ತಿಳಿಯದ ಸಾಮಗ್ರಿ' ಅಂತ ಪಕ್ಕದವರಿಗೆ ಬರೆಸಿ ಮುಂದಿನ ಲ್ಯಾಬಿಗೆ ನಡೆದರು. ಪರದೆಯ ಮೇಲೆ 'ಘ' ಹಾಗೇ ಉರಿಯುತ್ತಿತ್ತು. ಅಲ್ಲಿದ್ದ ಓದಿದವರಲ್ಲಿ ಯಾರೊಬ್ಬರೂ ನಾಚಲಿಲ್ಲ. ನಾಚುವಂಥದ್ದು ನಡೆಯಿತು ಅಂತ ಅವರಿಗೆ ಅನ್ನಿಸಲೂ ಇಲ್ಲ.

ಆಟೋದಲ್ಲಿ ಪರದೆ ಇಬ್ಬರ ನಡುವೆ ಇತ್ತು. ಬಹಳ ದೂರ ಬಂದ ಮೇಲೆ ಸುವರ್ಣಾ ಅಂದಳು, "ನಿನಗ ಒಳಗ ಯಾರ ಕರದ್ರು?"

"ನಿನ್ನ ಕಳ್ಳಿ ಅಂದ್ರ ಸುಮ್ಮ ನಿಂದರಲೇನ್?"

"ಅವರು ಅಂದಿದ್ದಿಲ್ಲ. ಬಿಲ್ ಕೇಳಿದ್ರು ಅಷ್ಟ. ಆಮ್ಯಾಲ ತಂದು ಕೊಡ್ತೀನಿ ಅಂತ ಹೇಳ್ತಿದ್ದೆ, ಅಂಬಾರಾಯನ ಹಂತ್ಯಾಕ ಬರಸ್ಕೊಂಡು ಬರ್ತಿದ್ದೆ. ಕಳವು ಅನ್ನೋ ಮಾತ ಮೊದಲ ಆಡಿದಾಂವ ನೀ."

ಹೌದು, ಮೊದಲು ಆ ಮಾತು ಆಡಿದ್ದು ನಾನೇ. ನಾಳೆ ಹಾಗೇ ನಿಲ್ಲಿಸಿ ಕೇಳಿದರೂ ನಾನು ಅದೇ ಹೇಳುವೆನು. ಬಾಗಿಲ ಹೊರಗೆ ನಿಂತು ಅದನ್ನೆಲ್ಲ ಕೇಳಿಸಿಕೊಳ್ಳುವುದು ನನ್ನಿಂದ ಆಗುವ ಕೆಲಸವಲ್ಲ.

ಮುಂದಿನ ಪಾಳಿಯ ಅತಿಥಿ ಉಪನ್ಯಾಸಕರ ಪಟ್ಟಿ ಅಂಟಿಸಿದಾಗ ಆಕೆಯ ಹೆಸರು ಇರಲಿಲ್ಲ. ವಿಷಯವನ್ನೇ ತೆಗೆದುಹಾಕಿದ್ದರು. ಮನೆಗೆ ಬಂದು ಆಕೆ ಅಳಲಿಲ್ಲ, ಜೋಳದ ರೊಟ್ಟಿ ಬಡಿಯಲು ಕೂತಳು. ಮಹಾದೇವಿ ಸುಮ್ಮನಿರಲಾರದೆ, "ಹೋಗಲಿ ಬಿಡು, ಇನ್ನರ ಮನಿ ಕೆಲಸ ಕಲಿ" ಅಂದಳು. ರೊಟ್ಟಿ ಬಡಿಯುವ ಸದ್ದು ಜೋರಾಯಿತು.

ನಾನು ಅಂದೆ, "ಅಂಗಡ್ಯಾಗ ಕೂಡು. ನಿನಗೇನ್ ಕಡಿಮಿ ಮಾಡಂಗಿಲ್ಲ. ಉಂಡು ಉಟ್ಟು ಇರು."

ಕೂತಳು. ಗಿರಾಕಿಗೆ ಚೀಟಿ ಬರೆದಳು, ಮೋಟಾರಿನ ಸುತ್ತು ಎಣಿಸಿದಳು. ನಾನು ಹೊರಗೆ ಹೋದರೆ ಬಂದವರು, "ಮಾಲಕ್ ಎಲ್ಲಿ?" ಅಂತ ಆಕೆಯನ್ನು ಕೇಳುತ್ತಿದ್ದರು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಮಾಲಕ ನಾನೇ ತಾನೆ. ಆ ಕಾರ್ಡು ಮೇಜಿನ ಮೇಲೇ ಇತ್ತು. ಕೆಲಸವಿಲ್ಲದಾಗ ಆಕೆ ಅದಕ್ಕೆ ಏನಾದರೂ ಬರೆದು ಓಡಿಸುತ್ತಿದ್ದಳು.

ಮಳೆಗಾಲದ ಕೊನೆಯ ಮಳೆ ಬೀಳುತ್ತಿದ್ದ ಒಂದು ಮಧ್ಯಾಹ್ನ ಅಂಗಡಿಯ ಎದುರು ಒಂದು ಕಾರು ನಿಂತಿತು. ಅಂಬಾರಾಯ. ಇಳಿಯಲಿಲ್ಲ, ಗಾಜು ಇಳಿಸಿದ.

"ತಂಗೆವ್ವಾ, ಸುದ್ದಿ ಬಂತು. ಸ್ಕ್ರೀನ್ ಮ್ಯಾಲ ಏನ್ ಬೇಕಾದ್ರೂ ಬರಸಬಹುದು ಅಂದ್ರಂತಲ್ಲ ಆ ಪ್ರೊಫೆಸರ್ ಸಾಹೇಬ್ರು. ನಂಗ ಅದ ಬೇಕು. ನನ್ನ ಗೋಡಿ ಮ್ಯಾಲ ನಾ ಹೇಳಿದ್ದ ಬರೀಬೇಕು, ಚಿತ್ರ ಕಳಸೋ ಆ ಕಂಪನಿ ಡಬ್ಬಿ ಇಲ್ಲದ, ಅವರ ಸಾಫ್ಟ್‌ವೇರ್ ಇಲ್ಲದ. ಮಾಡಬಲ್ಲೀ ಏನ್?"

ಸುವರ್ಣಾ ಒಂದು ಕ್ಷಣವೂ ಯೋಚಿಸಲಿಲ್ಲ. "ಮಾಡಬಲ್ಲೆ. ಆರು ತಿಂಗಳ ಬೇಕು. ಹಳೀ ಕಾರ್ಡ ಎಷ್ಟ ಅವ ಅಷ್ಟೂ ನನ್ನ ಕೈಯಾಗ ಬೇಕು."

"ತಗೊ. ಪಗಾರ ಕಾಲೇಜಿನೋರಕ್ಕಿಂತ ಜಾಸ್ತಿ. ತಿಂಗಳಾ ಬರಾಬರ್." ಆಮೇಲೆ ನನ್ನ ಕಡೆ ನೋಡಿದ. "ಸಾಹೇಬ್ರದು ಏನರ ಅಡ್ಡಿ ಅದ ಏನ್?"

ಗಾಜು ಏರಿಸಿಕೊಂಡು ಹೋದ. ನನ್ನ ಉತ್ತರಕ್ಕೆ ಕಾಯಲಿಲ್ಲ.

"ಅವನ ಪಗಾರ ತಿಂದು ನನ್ನ ಮನ್ಯಾಗ ಮಲಗಬ್ಯಾಡ" ಅಂದೆ.

"ಆತು. ಕಮಲಾಪುರದಾಗ ಖೋಲಿ ನೋಡ್ಕೊಂತೀನಿ."

"ನಾ ಏನ್ ಕಡಿಮಿ ಮಾಡಿದ್ದೆ ನಿನಗ? ಅಂಗಡ್ಯಾಗ ಕೂಡು ಅನ್ನಲಿಲ್ಲೇನ್?"

"ಅಂದಿ. ಕೂಡು ಅಂದಿ. ಆಂವ ಮಾಡಬಲ್ಲೀ ಏನ್ ಅಂತ ಕೇಳಿದ." ಆಕೆ ಎದ್ದು ಚೀಲ ತೆಗೆದುಕೊಂಡಳು. ಲ್ಯಾಪ್‌ಟಾಪು ಹಾಕಿದಳು, ಮೇಜಿನ ಮೇಲಿನ ಕಾರ್ಡಿಗೆ ಕೈ ಹಾಕಿದಳು.

"ಅದು ಇಲ್ಲೇ ಇರಲಿ."

"ಕಾರ್ಡ ಅಂಬಾರಾಯಂದು ಅಣ್ಣಾ. ಒಳಗಿಂದು ನಂದು."

"ತಂತಿ ನಂದು."

ಆಕೆ ಕೈ ಹಿಂದೆಗೆದಳು. ನಾನು ಬೆಸುಗೆ ಕಬ್ಬಿಣದ ಬಟನ್ ಹಾಕಿದೆ. ಕಾದ ಮೇಲೆ ಒಂದೊಂದೇ ತಂತಿ ಬಿಡಿಸಿದೆ. ಮೂಲೆಯವನ್ನು ಬಿಡಿಸಿದೆ, ದಾರಿ ತಿರುಗಿಸಿದ ಅಡ್ಡ ತಂತಿಗಳನ್ನೂ ಬಿಡಿಸಿದೆ. ಉಳಿದ ಬೆಸುಗೆ ಸೀಸವನ್ನು ಹೀರಿ ತೆಗೆದು, ಬಟ್ಟೆಯಿಂದ ಒರೆಸಿ, ನಾನು ಕೈ ಹಾಕಿದ್ದೇ ಇಲ್ಲ ಎಂಬಂತೆ ಮಾಡಿ ಮುಂದಿಟ್ಟೆ. ಅಷ್ಟು ಚೊಕ್ಕ ಕೆಲಸ ನಾನು ಯಾವ ಗಿರಾಕಿಗೂ ಮಾಡಿ ಕೊಟ್ಟಿರಲಿಲ್ಲ.

ಆಕೆ ನನ್ನ ಕೈಯನ್ನೇ ನೋಡುತ್ತಿದ್ದಳು. ಕಾರ್ಡು ಬಿಸಿಯಿತ್ತು. ಆರುವ ತನಕ ಕಾದು, ಬೆರಳಿಂದ ಮುಟ್ಟಿ ನೋಡಿ, ಓಢಣಿಯ ಅಂಚಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಇನ್ನ ಬೆಸಗಿ ಯಾರ ಹಾಕ್ತಾರ? ಅಂಬಾರಾಯನ ಕೈಲೆ ಆಗಂಗಿಲ್ಲ."

"ನಾ ಹಾಕ್ತೀನಿ."

"ನಿನ್ನ ಕೈ ನಡಗತದ. ಕೆಡಸತೀ."

"ಕೆಡಸತೀನಿ. ಕೆಟ್ರ ಇನ್ನೊಂದು ತಗೊಂತೀನಿ. ಅಲ್ಲಿ ಗೋದಾಮ ತುಂಬ ಅವ."

ಚಪ್ಪಲಿ ಮೆಟ್ಟಿಕೊಂಡು ಮಳೆಯಲ್ಲೇ ಓಣಿಗೆ ಇಳಿದಳು. ಒಳಗಿನಿಂದ ಮಹಾದೇವಿ ಕೂಗಿದಳು, "ಸುವರ್ಣಾ ಊಟಕ್ಕ ಬರ್ತಾಳೇನ್?"

"ಇಲ್ಲ."

"ರಾತ್ರಿಗಿ?"

ನಾನು ತಾಮ್ರದ ತಂತಿಯ ಉಂಡೆ ಎಳೆದುಕೊಂಡು, ಅರ್ಧಕ್ಕೆ ನಿಂತಿದ್ದ ಮೋಟಾರು ಸುತ್ತತೊಡಗಿದೆ.